ನಾಲ್ಕನೆಯ ಅಂಗಿ

ಮೇ ೨೯, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ನಮ್ಮವರ ಕೆಮ್ಮು ಇಳಿದಿದೆ, ಬಚ್ಚಲ ನಲ್ಲಿ ಕೊನೆಗೂ ರಿಪೇರಿಯಾಗಿದೆ. ಭಾವನವರ ಸೊಂಟನೋವು ಹೇಗಿದೆ, ತಿಳಿಸು. ನಿನ್ನ ಕಾಗದ ಬಂದು ವಾರವಾಯಿತು, ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಎರಡು ಮೂರು ಸಲ ಬರೆಯಲು ಕೂತೆ. ಕೂತಾಗಲೆಲ್ಲ ಪೆನ್ನಿನ ಮೊನೆಗೆ ಕಾಗದ ಹರಿಯಿತು. ಇವತ್ತು ಕೋಪ ಇಳಿದಿದೆ ಎಂದುಕೊಂಡು ಕೂತಿದ್ದೇನೆ. ಇಳಿದಿಲ್ಲ. ಆದರೂ ಬರೆಯುತ್ತೇನೆ.

ಆ ಮೂವರ ಕ್ಷಮೆ ಕೇಳಬೇಕು, ವಯಸ್ಸಿಗೆ ತಕ್ಕಂತೆ ನಡೆದುಕೊಳ್ಳಬೇಕು ಎಂದು ಬರೆದಿದ್ದೀಯ. ಟೈಲರಮ್ಮ ನಿನಗೆ ಫೋನು ಮಾಡಿ ಆಡಿ ತೋರಿಸಿದ ನಾಟಕದಲ್ಲಿ ಖಳನಾಯಕಿ ನಾನೇ ಅಂತ ಕಾಣುತ್ತದೆ. ಒಳ್ಳೆಯದು. ಈಗ ಪರದೆ ಏಳಲಿ, ಖಳನಾಯಕಿಯ ಬಾಯಿಂದಲೇ ಕಥೆ ಕೇಳು.

ನಾವು ನಾಲ್ವರು ನಿನಗೆ ಗೊತ್ತು. ನಮ್ಮೆಲ್ಲರ ಬಟ್ಟೆ ಹೊಲಿಯುವ ಟೈಲರಮ್ಮ, ಹಲ್ಲಿನ ಡಾಕ್ಟರು, ಲೈಬ್ರರಿಯವಳು, ನಾನು. ಬೆಳಗಾದರೆ ಪಾರ್ಕಿನಲ್ಲಿ ಒಟ್ಟಿಗೆ ನಡೆಯುವವರು. ಚಳಿಗಾಲದಲ್ಲಿ ಒಂದು ದಿನ ಡಾಕ್ಟರು ಸುದ್ದಿ ತಂದಳು. ಬೇಸಿಗೆಯಲ್ಲಿ ಗುಡ್ಡದಾಚೆಯ ಕೆರೆಯ ಬಳಿ ಹೆಂಗಸರ ಓಟವಂತೆ. ಒಂದು ತಂಡಕ್ಕೆ ನಾಲ್ವರು. ಒಬ್ಬೊಬ್ಬರೂ ಕೆರೆಗೆ ಒಂದೊಂದು ಸುತ್ತು ಹಾಕಿ, ಕೈಯಲ್ಲಿರುವ ಕೆಂಪು ರಿಬ್ಬನ್ನನ್ನು ಮುಂದಿನವಳಿಗೆ ಕೊಡಬೇಕಂತೆ. ಶನಿವಾರ ದಂಡೆಯ ಮೇಲೆ ಟೆಂಟು ಹಾಕಿ ಮಲಗುವುದು, ಭಾನುವಾರ ಬೆಳಿಗ್ಗೆ ಓಡುವುದು. ನಾಲ್ವರೂ ಕೈ ಮೇಲೆ ಕೈಯಿಟ್ಟು ಒಪ್ಪಿದೆವು.

ನನ್ನ ಕೆಲಸದ ಜಾಗ ನೀನು ನೋಡಿದ್ದೀಯ. ಬಸ್ ನಿಲ್ದಾಣದ ಮೆಟ್ಟಿಲಿನ ಅಡಿಯಲ್ಲಿ ಬೀರುವಿನಂಥ ಕೋಣೆ, ಒಂದು ಮೈಕು, ಗೊರಗೊರ ಎನ್ನುವ ಫ್ಯಾನು, ಪಕ್ಕದ ಗೋಡೆಯನ್ನೇ ತೋರಿಸುವ ಕಿಟಕಿ. ಬೆಳಗಿನಿಂದ "ಪ್ರಯಾಣಿಕರ ಗಮನಕ್ಕೆ" ಎಂದು ಗರ್ಜಿಸುವವಳು ನಾನು. ಊರಿಗೆಲ್ಲ ನನ್ನ ದನಿ ಗೊತ್ತು, ಮುಖ ಒಬ್ಬರಿಗೂ ಗೊತ್ತಿಲ್ಲ. ಅಂಗಡಿಯವನು ಕೂಡ ನಾನು ಬಾಯಿ ತೆರೆದ ಮೇಲೆಯೇ ಗುರುತು ಹಿಡಿಯುವುದು. ಅಂಥವಳು ಡ್ಯೂಟಿ ಮುಗಿಸಿ ದಿನಾ ಡಿಪೋದ ಅಂಗಳದಲ್ಲಿ, ನಿಂತ ಬಸ್ಸುಗಳ ಸುತ್ತ ಓಡಿದೆ. ಡ್ರೈವರುಗಳು ಸುಮ್ಮನೆ ಬಿಡುತ್ತಾರೆಯೇ? ಒಬ್ಬ ಕೇಳಿದ, "ಮೇಡಂ, ಯಾವ ಬಸ್ ತಪ್ತು?" ಮೊದಮೊದಲು ಅರ್ಧ ಸುತ್ತಿಗೇ ಬಸ್ಸಿನ ಬಂಪರು ಹಿಡಿದು ಏದುಸಿರು ಬಿಡುತ್ತಿದ್ದೆ. ಬೇಸಿಗೆ ಏರುವ ಹೊತ್ತಿಗೆ ಅವರ ಗೇಲಿ ನಿಂತಿತು. ನಾನು ಹಾದುಹೋದರೆ ಹಾರ್ನು ಹೊಡೆದು ಹುರಿದುಂಬಿಸತೊಡಗಿದರು. ಆಗ ನನ್ನ ಎದೆ ಎಷ್ಟು ಉಬ್ಬಿತ್ತು ಗೊತ್ತೇ ಅಕ್ಕ?

ಶನಿವಾರ ಡಾಕ್ಟರ ವ್ಯಾನಿನಲ್ಲಿ ಹೊರಟೆವು. ಕಾಲೇಜಿಗೆ ಹೋಗುವ ಅವಳ ನಾದಿನಿಯೂ ಇದ್ದಳು. ಸುಮ್ಮನೆ ನೋಡಲು ಬರುತ್ತಾಳೆ ಎಂದರು. ಬರಲಿ, ಚಂದದ ಹುಡುಗಿ. ಟೆಂಟು ನಿಲ್ಲಿಸುವುದರಲ್ಲಿ ಮಧ್ಯಾಹ್ನವೆಲ್ಲ ಹೋಯಿತು. ಲೈಬ್ರರಿಯವಳು ಸೂಚನೆಗಳನ್ನು ಗಟ್ಟಿಯಾಗಿ ಓದಿದಷ್ಟೂ ಟೆಂಟು ಅಡ್ಡಡ್ಡ ಬಿತ್ತು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಸಂಜೆ ನಾನು ಸ್ಟೌ ಮುಂದೆ ಕೂತು ಎಲ್ಲರಿಗೂ ಮೊಟ್ಟೆ ಹುರಿದೆ, ಬ್ರೆಡ್ಡು ಸುಟ್ಟುಕೊಟ್ಟೆ.

ಆಮೇಲೆ ಟೈಲರಮ್ಮ ಚೀಲ ಬಿಚ್ಚಿದಳು. ಅವಳೇ ಹೊಲಿದ ನಾಲ್ಕು ಹಳದಿ ಅಂಗಿಗಳು, ಬೆನ್ನಿನ ಮೇಲೆ ಓಟದ ನಂಬರು. ಮೂವರೂ ತಮ್ಮ ತಮ್ಮದನ್ನು ಎತ್ತಿಕೊಂಡರು. ಉಳಿದ ನಾಲ್ಕನೆಯದಕ್ಕೆ ನಾನು ಕೈ ಹಾಕಿದೆ. ತೋಳು ಹೋಯಿತು, ಭುಜದ ಹತ್ತಿರ ಗಕ್ಕನೆ ನಿಂತಿತು. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನಾನೇ ನಕ್ಕು, "ಏನೇ, ನನ್ನ ಅಳತೆನೇ ಮರ್ತೋಯ್ತಾ?" ಎಂದೆ.

ಯಾರೂ ನಗಲಿಲ್ಲ. ಲೈಬ್ರರಿಯವಳು ಮಡಿಸಿಟ್ಟ ಹೊದಿಕೆಯನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದಳು. ಡಾಕ್ಟರು ಆರಿದ ಸ್ಟೌ ತಿರುವುತ್ತ ಕೂತಳು.

ಅಕ್ಕ, ಟೈಲರಮ್ಮ ನನ್ನ ಬಟ್ಟೆ ಹೊಲಿಯಲು ಟೇಪು ಮುಟ್ಟಿ ಎಷ್ಟೋ ವರ್ಷವಾಯಿತು. ನಾನು ದಪ್ಪಗಾದರೆ ನನಗಿಂತ ಮೊದಲು ಅವಳಿಗೆ ತಿಳಿಯುತ್ತದೆ. ಆ ಕೈ ತಪ್ಪುವುದಿಲ್ಲ. ಅಂಗಿಯನ್ನು ಕಳಚಿ ಎತ್ತಿ ಹಿಡಿದೆ, ಆ ಹುಡುಗಿಯ ಭುಜ ನೋಡಿದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಹುಡುಗಿ ನೀರು ತರಲು ಹೋದದ್ದೇ ತಡ, ಟೈಲರಮ್ಮ ಬಾಯಿ ಬಿಟ್ಟಳು. "ನೀನು ಓಡಿದ್ರೆ ಕೊನೇಲಿ ಬರ್ತೀವಿ ಕಣೇ. ನಮಗೂ ಒಂದ್ಸಲ ಗೆಲ್ಬೇಕು ಅಂತ ಇರಲ್ವಾ? ನಿನ್ನ ದನಿನೇ ನಮಗೆ ಬಲ. ಗೆರೆ ಹತ್ರ ನಿಂತ್ಕೊಂಡು ಕೂಗು, ಕೆರೆ ಆ ಕಡೆಗೂ ಕೇಳತ್ತೆ."

ನಾನು ಕೇಳಿದ್ದು ಒಂದೇ ಮಾತು. "ಬಟ್ಟೆ ಕತ್ತರಿಸಿದ್ದು ಯಾವಾಗ?"

ಖಾಲಿ ಚೀಲದ ಬಾಯಿ ಕಟ್ಟುತ್ತ, "ಹೋದ ತಿಂಗಳು" ಎಂದಳು.

ಹೋದ ತಿಂಗಳು! ಅಂದರೆ ಅಷ್ಟು ದಿನವೂ ಪಾರ್ಕಿನಲ್ಲಿ ನನ್ನ ಪಕ್ಕದಲ್ಲೇ ನಡೆಯುತ್ತ, ನಿನ್ನೆ ಎಷ್ಟು ಓಡಿದೆ ಎಂದು ವಿಚಾರಿಸುತ್ತ, ಭೇಷ್ ಎಂದು ಬೆನ್ನು ತಟ್ಟಿದ್ದರಲ್ಲ, ಅದೆಲ್ಲ ಬಣ್ಣ ಹಚ್ಚದೆ ಆಡಿದ ಆಟ. ಬೇಡ ಎಂದು ಮುಖದ ಮೇಲೆ ಹೇಳಿದ್ದರೆ ಎರಡು ದಿನ ಅತ್ತು ಸುಮ್ಮನಾಗುತ್ತಿದ್ದೆ. ನಾಟಕದವರ ಮನೆಯಲ್ಲಿ ಹುಟ್ಟಿದವಳ ಮುಂದೆ ನಾಟಕವೇ?

ಬೆಳಿಗ್ಗೆ ಓಟ ಶುರುವಾಯಿತು. ಹೇಳಿದ ಜಾಗದಲ್ಲೇ ನಿಂತೆ, ಕೂಗಿದೆ. ಸುಳ್ಳೇಕೆ, ಮನಸಾರೆ ಕೂಗಿದೆ. ಟೈಲರಮ್ಮ ಓಡಿ ಬಂದಳು, ಡಾಕ್ಟರು ಓಡಿ ಬಂದಳು. ಮೂರನೆಯವಳು ಲೈಬ್ರರಿಯವಳು. ತಿರುವಿನಲ್ಲಿ ಕುಂಟುತ್ತಿದ್ದವಳು ನನ್ನ ದನಿ ಕೇಳಿ ಬೆನ್ನು ನೆಟ್ಟಗೆ ಮಾಡಿದಳು. ಹುಡುಗಿ ಹಳದಿ ಅಂಗಿಯಲ್ಲಿ ಕೈ ಚಾಚಿ ನಿಂತಿದ್ದಳು. ಲೈಬ್ರರಿಯವಳು ರಿಬ್ಬನ್ನು ಮುಂದೆ ಹಿಡಿದಳು. ಪಾತ್ರಧಾರಿ ಪ್ರವೇಶ ಮರೆತು ನಿಂತರೆ ಅಪ್ಪ ಹಿಂದಿನಿಂದ ನೂಕುತ್ತಿದ್ದರಲ್ಲ, ಹಾಗೆ ನನ್ನನ್ನು ಯಾರೂ ನೂಕಲಿಲ್ಲ. ನಾನೇ ನುಗ್ಗಿದೆ. ನಡುವೆ ಕೈ ಹಾಕಿ ರಿಬ್ಬನ್ನು ಕಿತ್ತುಕೊಂಡೆ, ಓಡಿದೆ.

ಮೊಟ್ಟೆಯ ಎಣ್ಣೆ ಸಿಡಿದ ಹಳೆ ಅಂಗಿ, ಬೆನ್ನಿಗೆ ನಂಬರಿಲ್ಲ. ಹಿಂದಿನಿಂದ ಮೂವರೂ "ನಿಲ್ಲೇ, ನಿಲ್ಲೇ" ಎಂದು ಕಿರುಚುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಕೂಗುವವರು ಬೇರೆಯವರು, ಓಡುವವಳು ನಾನು. ಜೊಂಡು, ಕೆಸರು, ಗಡಗಡ ಎನ್ನುವ ಹಲಗೆ ಸೇತುವೆ, ಕಣ್ಣಿಗೆ ಹೊಡೆಯುವ ಬಿಸಿಲು, ಎಲ್ಲ ದಾಟಿದೆ. ಸೇತುವೆಯ ಮೇಲೆ ಒಬ್ಬಳನ್ನು ಹಿಂದೆ ಹಾಕಿದೆ, ಅದರಾಚೆ ಇನ್ನೊಬ್ಬಳನ್ನು. ಗೆರೆ ಮುಟ್ಟಿದಾಗ ನಾನು ಕೊನೆಯವಳಾಗಿರಲಿಲ್ಲ. ಇದನ್ನು ಟೈಲರಮ್ಮ ನಿನಗೆ ಹೇಳಿರಲಿಕ್ಕಿಲ್ಲ.

ಸೀಟಿ ಹಿಡಿದ ತೀರ್ಪುಗಾರ ಬಂದು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇವರಿಗೆ ನಂಬರೇ ಇಲ್ಲವಲ್ಲ ಎಂದ. ತಂಡದ ಹೆಸರನ್ನೇ ಪಟ್ಟಿಯಿಂದ ಹೊಡೆದುಹಾಕಿದ. ಟೈಲರಮ್ಮ ಟವೆಲನ್ನು ನೆಲಕ್ಕೆ ಬಡಿದಳು. ಹುಡುಗಿ ಅತ್ತಳು. ವಾಪಸು ಬರುವಾಗ ನನ್ನನ್ನು ಮನೆಯ ಬಾಗಿಲಿಗೂ ಬಿಡಲಿಲ್ಲ, ಡಿಪೋ ಗೇಟಿನಲ್ಲಿ ಇಳಿಸಿ ಹೋದರು.

ಎರಡು ದಿನ ಕಳೆದು ಆ ಹುಡುಗಿ ನನ್ನ ಕೋಣೆಯ ಬಾಗಿಲು ತಟ್ಟಿದಳು. "ನಿಮಗೆ ಮಂಡಿನೋವು, ನೀವೇ ಬಿಟ್ಕೊಟ್ರಿ ಅಂತ ಅವ್ರು ಅಂದಿದ್ರು, ಆಂಟಿ. ನೀವು ಅಂಗಿಗೆ ಕೈ ಹಾಕಿದ್ದು ತಮಾಷೆಗೆ ಅಂದ್ಕೊಂಡೆ. ಗೊತ್ತಿದ್ರೆ ನಾನು ಆ ಅಂಗಿ ಹಾಕ್ತಿರ್ಲಿಲ್ಲ." ಅವಳನ್ನು ಕೂರಿಸಿ, ಕೈ ಹಿಡಿದು ಕ್ಷಮೆ ಕೇಳಿದೆ. ಅವಳೊಬ್ಬಳದು ಮಾತ್ರ. ಕಣ್ಣೊರೆಸಿಕೊಂಡು ನಕ್ಕಳು. ನಾನು ಓಡಿದ್ದು ಚೆನ್ನಾಗಿತ್ತಂತೆ, ಆದರೆ ಸಿಂಹಾಸನದಿಂದ ಇಳಿದ ರಾಣಿಯ ಹಾಗೆ ಕೈ ಬೀಸುತ್ತೇನಂತೆ. ಈಗ ಸಂಜೆ ಡಿಪೋ ಅಂಗಳದಲ್ಲಿ ಇಬ್ಬರೂ ಓಡುತ್ತೇವೆ.

ಉಳಿದ ಮೂವರ ಕ್ಷಮೆ ನಾನು ಕೇಳುವುದಿಲ್ಲ. ಅವರು ಬರಲಿ, ನನ್ನ ಅಳತೆಯ ಅಂಗಿ ಹಿಡಿದುಕೊಂಡು ಬರಲಿ, ಆಗ ಮಾತಾಡೋಣ.

ಭಾವನವರಿಗೆ ನಮಸ್ಕಾರ. ಮಕ್ಕಳಿಗೆಲ್ಲ ನನ್ನ ಆಶೀರ್ವಾದ, ಎಲ್ಲರೂ ನಗುನಗುತ್ತಾ ನೂರು ಕಾಲ ಬಾಳಲಿ. ಮೊಮ್ಮಗಳಿಗೆ ಕೆನ್ನೆ ತುಂಬ ಮುತ್ತು.

ನಿನ್ನ ತಂಗಿ,
ಗುಡುಗು

ತಾ.ಕ.: "ನಿನಗೆ ದನಿ ಇದೆ, ಅಷ್ಟು ಸಾಲದೇ" ಎಂದು ಕಾಗದದ ಕೊನೆಗೆ ಬರೆದಿದ್ದೀಯ. ಕಾಗದ ಹರಿದದ್ದು ಆ ಸಾಲಿಗೆ ಅಕ್ಕ, ಟೈಲರಮ್ಮನಿಗಲ್ಲ. ಅಪ್ಪನ ಕಂಪನಿಯಲ್ಲಿ ನೀನು ರಾಣಿ, ನಾನು ಪರದೆಯ ಹಿಂದೆ ತಗಡು ಬಡಿದು ಗುಡುಗು ಬರಿಸುವವಳು. ನಿನಗೆ ಜ್ವರ ಬಂದು ಗಂಟಲು ಕಟ್ಟಿದ ದಿನ ಅಪ್ಪ ನನ್ನ ಭುಜ ಹಿಡಿದು ಕತ್ತಲಲ್ಲಿ ನಿಲ್ಲಿಸಿದರು. ನಾನು ಹಾಡಿದೆ, ನೀನು ತುಟಿಯಾಡಿಸಿದೆ. ಅಂದಿನ ಕಂಠಸಿರಿಗೆಂದು ನಿನಗೆ ಕೊಟ್ಟ ಬೆಳ್ಳಿ ಬಟ್ಟಲು ನಿನ್ನ ನಡುಮನೆಯ ಗಾಜಿನ ಕಪಾಟಿನಲ್ಲಿದೆ. ಯಾರಿಗೂ ಹೇಳಬೇಡ ಎಂದರು ಅಪ್ಪ. ನಾನು ಹೇಳಲಿಲ್ಲ. ಎಂದಾದರೂ ನೀನು ಹೇಳುತ್ತೀಯ ಎಂದು ಕಾದೆ. ಹೋದ ಸಲ ಬಂದಾಗ ಮೊಮ್ಮಗಳು ಆ ಬಟ್ಟಲು ಹಿಡಿದು, ಅಜ್ಜಿ, ಆ ಹಾಡು ಹಾಡು ಎಂದಳು. ನೀನು ಗಂಟಲು ಸರಿಯಿಲ್ಲ ಎಂದು ನನ್ನ ಕಡೆ ನೋಡಿದೆ. ನಾನೋ, ಮಂಕು, ಎದ್ದು ಅಡುಗೆಮನೆಗೆ ಹೋಗಿ ಅಲ್ಲಿಂದ ಹಾಡಿದೆ. ಮುಂದಿನ ತಿಂಗಳು ಬರುತ್ತೇನೆ. ಮಗು ಕೇಳಿದರೆ ಈ ಸಲ ನಡುಮನೆಯ ಮಧ್ಯದಲ್ಲಿ, ದೀಪದ ಕೆಳಗೆ ನಿಂತು ಹಾಡುತ್ತೇನೆ. ನೀನು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿರು.