ನೆಟ್ಟಗಾದ ನೆಲ

ಅಂಗಡಿಯ ಹಿಂದಿನ ಕೋಣೆ,
ಗುರುವಾರ, ತಾರೀಕು ಹದಿನಾಲ್ಕು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಆ ಕೆಮ್ಮು ಹೋಯಿತೋ, ಇಲ್ಲ ಹಡಗಿನ ಎಂಜಿನ್ನಿನ ಜೊತೆ ಪೈಪೋಟಿಗೆ ಬಿದ್ದಿದ್ದೀಯೋ? ಬಿಸಿಯಲ್ಲಿ ಬೆಂದು ಬಂದು ಗಟಗಟ ತಣ್ಣೀರು ಕುಡಿಯಬೇಡ ಎಂದರೆ ನೀನು ಕೇಳುವ ಆಸಾಮಿಯಲ್ಲ. ನಾನು ಚೆನ್ನಾಗಿದ್ದೇನೆ. ಬೆರಳಿಗೆ ಅರ ತಾಗಿದ ಗಾಯ ಮಾಗಿದೆ. ಕೀಲಿಕೈ ಕಳೆದುಕೊಳ್ಳುವವರು ಊರಲ್ಲಿರುವ ತನಕ ನಮ್ಮ ಬೀಗದಂಗಡಿಗೂ ನನ್ನ ಹೊಟ್ಟೆಗೂ ಮೋಸವಿಲ್ಲ. ಅಪ್ಪನ ವಿಷಯಕ್ಕೆ ಬರುತ್ತೇನೆ, ಮೊದಲು ಮನೆಯದು ಹೇಳಿ ಮುಗಿಸುತ್ತೇನೆ.

ಮನೆ ನೆಟ್ಟಗಾಯಿತು. ಹೋದ ಸಲ ರಜೆಗೆ ಬಂದಾಗ ನೀನು ಬೀದಿಯಲ್ಲಿ ನಿಂತು, ಮುಂದಕ್ಕೆ ಚಾಚಿದ ಈ ಮಹಡಿ ಒಂದಲ್ಲ ಒಂದು ದಿನ ಗಿರಾಕಿಗಳ ತಲೆ ಮೇಲೆ ಕೂರುತ್ತದೆ ಎಂದಿದ್ದೆಯಲ್ಲ, ಅದು ಸುಳ್ಳಾಗಿರಲಿಲ್ಲ. ಬೀದಿ ಕಡೆಯ ಅಡಿತೊಲೆ, ಮುಂದಿನ ಕಂಬಗಳೆಲ್ಲ ಕಾಲೂರಿ ನಿಂತಿದ್ದ ತೊಲೆ, ಒಳಗೆ ಪುಡಿಪುಡಿ. ಮೇಸ್ತ್ರಿ ಉಳಿ ಚುಚ್ಚಿದರೆ ಹಿಡಿಯವರೆಗೂ ಇಳಿಯಿತು. ಅದು ಕುಸಿದಂತೆಲ್ಲ ಮನೆ ಬೀದಿಗೆ ಬಾಗುತ್ತ ಬಂದಿತ್ತು. ಅಂಗಡಿಯ ಹಲಗೆಬಾಗಿಲುಗಳನ್ನು ಬಿಚ್ಚಿಟ್ಟು, ಕಂಬಗಳಡಿ ಜಾಕ್ ಕೊಟ್ಟು, ದಿನಾ ಬೆಳಿಗ್ಗೆ ಒಂದಿಷ್ಟೇ ತಿರುಗಿಸಿದರು. ಅವಸರ ಮಾಡಿದರೆ ಕೀಲುಗಳು ಕಳಚುತ್ತವಂತೆ. ಈ ಚೌಕಟ್ಟಿಗೆ ಕಬ್ಬಿಣದ ಮೊಳೆಯೇ ಇಲ್ಲ, ಮರಕ್ಕೆ ಮರದ ಗೂಟ. ಒಂದೊಂದು ಸುತ್ತಿಗೂ ಗೂಟಗಳು ನರಳುವುದನ್ನು ಕೇಳುತ್ತ ನಾನು ಕೆಳಗೆ ಬೀಗ ಬಿಚ್ಚುತ್ತಾ ಕೂತಿದ್ದೆ. ಗೋಡೆಯ ಮಣ್ಣು ಉದುರಿಸಿದಾಗ ಪ್ರತಿ ಕಂಬದ ಮೇಲೂ ಅದರ ಜೋಡಿ ತೊಲೆಯ ಮೇಲೂ ಒಂದೇ ಗುರುತು ಕೆತ್ತಿದ್ದು ಕಂಡಿತು. ಹಳೆಯ ಬಡಗಿಗಳು ಇಡೀ ಮನೆಯನ್ನು ನೆಲದ ಮೇಲೆ ಜೋಡಿಸಿ ನೋಡಿ, ಆಮೇಲೆ ಎತ್ತಿ ನಿಲ್ಲಿಸಿದ್ದರಂತೆ. ಪಕ್ಕದ ಕ್ಷೌರದಂಗಡಿಯ ಮಾಮನ ಮನೆಯನ್ನು ಕಟ್ಟಿದ್ದೂ ಅವರೇ, ಅದೇ ಅಳತೆಗೆ. ಅದಿನ್ನೂ ನಮ್ಮದು ಬಾಗಿದ್ದ ಹಾಗೆಯೇ ಬಾಗಿದೆ.

ಮನೆಯೇನೋ ನೆಟ್ಟಗಾಯಿತು, ಒಳಗಿನದೆಲ್ಲ ಸೊಟ್ಟಗಾಯಿತು. ಅಪ್ಪ ಇಷ್ಟು ವರ್ಷ ಇಳಿಜಾರಿಗೆ ತಕ್ಕಂತೆ ಮಂಚ, ಮೇಜು, ಬೀರು ಎಲ್ಲದರ ಹಿಂದಿನ ಕಾಲು ಕೊಯ್ದಿಟ್ಟಿದ್ದರಲ್ಲ, ಈಗ ಅವೆಲ್ಲ ಹಿಂದಕ್ಕೆ ವಾಲಿವೆ. ಮೇಜಿನ ಮೇಲೆ ಲೋಟ ಇಟ್ಟರೆ ನನ್ನ ಮಡಿಲಿಗೇ ಜಾರಿ ಬರುತ್ತದೆ. ಬಾಗಿಲುಗಳನ್ನೂ ಓರೆ ಚೌಕಟ್ಟಿಗೆ ಸರಿಯಾಗಿ ಓರೆಯಾಗಿಯೇ ಕೆತ್ತಿದ್ದರು ಮಹಾನುಭಾವರು, ಈಗ ಒಂದೂ ಮುಚ್ಚುವುದಿಲ್ಲ. ಬೀಗದಂಗಡಿಯವರ ಮನೆಗೆ ಬೀಗ ಹಾಕಲಾಗದು, ನಗು.

ಇನ್ನು ಅಪ್ಪ. ಕಣ್ಣು ಹೋದ ಮೇಲೂ ಅವರು ಕೋಲಿಲ್ಲದೆ ಮನೆಯೆಲ್ಲ ಓಡಾಡುತ್ತಿದ್ದುದು ಹೇಗೆಂದು ನಾವು ಯಾವತ್ತೂ ಯೋಚಿಸಿರಲಿಲ್ಲ, ನೋಡು. ಪಾದಕ್ಕೆ ಇಳಿಜಾರು ಸಿಕ್ಕರೆ ಬೀದಿ ಕಡೆಯ ಕಿಟಕಿ, ಏರು ಸಿಕ್ಕರೆ ಅಡುಗೆಮನೆ, ಎಡಪಾದ ತಗ್ಗಾದರೆ ಮೆಟ್ಟಿಲು ಹತ್ತಿರ ಬಂತು ಎಂದು ಲೆಕ್ಕ. ಬೀಗದೊಳಗಿನ ಸಣ್ಣ ಸ್ಪ್ರಿಂಗ್ ಕೈಜಾರಿದರೂ ಹುಡುಕುತ್ತಿರಲಿಲ್ಲ. ಎಲ್ಲವೂ ಉರುಳಿ ಹೊಸ್ತಿಲ ಬುಡಕ್ಕೇ ಬರುತ್ತಿದ್ದವು, ಸಂಜೆ ಬೆರಳಾಡಿಸಿ ಆರಿಸಿಕೊಳ್ಳುತ್ತಿದ್ದರು. ಜಾಕ್ ತೆಗೆದ ಮಾರನೆಯ ಬೆಳಿಗ್ಗೆ ಮಂಚದಿಂದ ಇಳಿದವರು ನಿಂತೇಬಿಟ್ಟರು. ಆಮೇಲೆ ಅಡುಗೆಮನೆಗೆಂದು ಹೊರಟು ಬೀರುವಿಗೆ ಹಣೆ ಹೊಡೆದುಕೊಂಡರು. ಇನ್ನೊಂದು ಸಲ ಮೆಟ್ಟಿಲ ಅಂಚಿಗೆ ಬಂದಿದ್ದರು, ಓಡಿಹೋಗಿ ಹಿಡಿದುಕೊಂಡೆ. ಕೈ ಕೊಡವಿದರು. "ನನ್ ಮನೇಲಿ ನನ್ ಕೈ ಹಿಡೀಬೇಡ ಕಣೇ," ಅಂದರು. ಹಗ್ಗ ಕಟ್ಟಿದೆ, ಮುಟ್ಟಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಮ್ಮನ್ನು ಅಷ್ಟು ಛೇಡಿಸುತ್ತಿದ್ದವರು, ಈಗ ನೆಲ ನೆಟ್ಟಗಾಯಿತೆಂದು ಕುರ್ಚಿಯಲ್ಲಿ ಮುದುಡಿ ಕೂತರು. ಕೆಲಸ ಬಿಟ್ಟರು, ಮಾತು ಬಿಟ್ಟರು. ನಾನು ಅಂಗಡಿಗೆ ಇಳಿದು ಗಿರಾಕಿಗಳ ಮುಂದೆಯೇ ಅತ್ತುಬಿಟ್ಟೆ. ಮತ್ತೆ ಇಳಿಸಿಬಿಡಿ ಎಂದು ಮೇಸ್ತ್ರಿಯನ್ನು ಕೇಳಿಕೊಂಡೆ. ಹೊಸ ತೊಲೆ ಕೂತಿದೆ, ಗೂಟ ಬಿಗಿದಿದೆ, ಗೋಡೆ ತುಂಬಿದೆ, ಇನ್ನು ಇಳಿಸಿದರೆ ಎಲ್ಲ ಬಿರಿಯುತ್ತದೆ ಎಂದರು.

ನೀನು ತಲೆ ಕೆಡಿಸಿಕೊಳ್ಳಬೇಡ. ಮನೆ ನಿಂತಿರುವುದು ನಿನ್ನ ದುಡಿಮೆಯಿಂದ. ಬಿದ್ದಿದ್ದರೆ ಅಪ್ಪನೂ ಇರುತ್ತಿರಲಿಲ್ಲ, ನಾನೂ ಇರುತ್ತಿರಲಿಲ್ಲ. ಇದನ್ನು ನಿನಗೂ ಹೇಳುತ್ತಿದ್ದೇನೆ, ನನಗೂ ಹೇಳಿಕೊಳ್ಳುತ್ತಿದ್ದೇನೆ.

ಒಂದು ಮಧ್ಯಾಹ್ನ ಕ್ಷೌರದ ಮಾಮ ಬಂದು, ಗಡ್ಡ ಪೊದೆಯಾಗಿದೆ ಎಂದು ಗದರಿ ಅಪ್ಪನನ್ನು ಎಬ್ಬಿಸಿ ತಮ್ಮ ಅಂಗಡಿಗೆ ಕರೆದುಕೊಂಡು ಹೋದರು. ಗಡ್ಡ ಹೆರೆಸಿಕೊಂಡವರು ಮಾಮನ ಕೈ ಬಿಟ್ಟು, ತಾವೇ ಹಿಂದಿನ ಕೋಣೆಗೆ ಹೋಗಿ, ಮೆಟ್ಟಿಲು ಹತ್ತಿ, ಮಹಡಿಯ ಕಿಟಕಿಗೆ ಹೋಗಿ ನಿಂತರಂತೆ. ನಾನು ಓಡಿಹೋದಾಗ ಮುಖ ಅರಳಿತ್ತು. "ಕಾಲಿಗೆ ನೆಲ ಸಿಕ್ತು ನೋಡು," ಅಂದರು. ಅಂದಿನಿಂದ ಹಗಲೆಲ್ಲ ಅಲ್ಲೇ. ಮಾಮನೂ ಒಂಟಿ ಜೀವ, ಇರಲಿ ಬಿಡಮ್ಮಾ ಎಂದು ಮಹಡಿಯ ಕೋಣೆ ಬಿಟ್ಟುಕೊಟ್ಟರು. ಈಗ ಮಲಗುವುದೂ ಅಲ್ಲೇ. ಊಟ ನಾನು ಒಯ್ಯುತ್ತೇನೆ. ಗೋಡೆಯಾಚೆ ಅಪ್ಪ ಅರ ಉಜ್ಜುವ ಸದ್ದು ಕೇಳುತ್ತದೆ. ಈ ನೆಟ್ಟಗಿನ ಮನೆಯಲ್ಲಿ ನಾನೊಬ್ಬಳೇ, ಸಂಕಟವಾಗುತ್ತದೆ ಕಣೋ.

ವೇಳೆಗೆ ಸರಿಯಾಗಿ ಉಣ್ಣು, ಜೊತೆಯವರೊಡನೆ ಜಗಳ ಆಡಬೇಡ. ಎಲ್ಲಿದ್ದರೂ ತಣ್ಣಗಿರು, ನನ್ನ ಆಯುಸ್ಸೂ ನಿನಗಿರಲಿ. ಮಾಮ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದರು.

ನಿನ್ನ
ಅಕ್ಕ

ಮರೆತಿದ್ದೆ. ಮರೆತಿದ್ದಲ್ಲ, ಬರೆಯಲಾಗಿರಲಿಲ್ಲ. ಅಪ್ಪ ಈಗ ಅದನ್ನೇ ನಮ್ಮ ಮನೆ ಎಂದುಕೊಂಡಿದ್ದಾರೆ. ನಿನ್ನೆ ಊಟ ಒಯ್ದ ನನಗೆ, "ಬನ್ನಿ, ಜೋಪಾನ, ನಮ್ಮನೆ ನೆಲ ಸ್ವಲ್ಪ ಇಳಿಜಾರು," ಅಂದರು. ನನ್ನನ್ನು ಬಹುವಚನದಲ್ಲಿ ಕರೆದರು. ನಿನ್ನ ಹೆಸರು ಮಾತ್ರ ಮರೆತಿಲ್ಲ, ಮಗ ಬರುತ್ತಾನೆ ಎಂದು ಬೀದಿ ಬಾಗಿಲಿನ ಸದ್ದಿಗೇ ಕಿವಿ ಕೊಟ್ಟು ಕೂತಿರುತ್ತಾರೆ. ಮಾಮನ ಅಡಿತೊಲೆಯೂ ಟೊಳ್ಳಂತೆ, ಬರುವ ತಿಂಗಳು ಅಲ್ಲಿಗೂ ಜಾಕ್ ಇಡಲೇಬೇಕಂತೆ. ಅಷ್ಟರೊಳಗೆ ಬಾ. ನಮ್ಮ ಬಾಗಿಲಿಗೆ ಬರಬೇಡ, ಆ ಬಾಗಿಲು ತಟ್ಟು. ಅಪ್ಪ ತಾವೇ ನಡೆದು ಬಂದು ತೆಗೆಯುತ್ತಾರೆ.