ಐದನೆಯ ಚೀಟಿ

13 ಜೂನ್, ಗುರುವಾರ. ಬೆಳಿಗ್ಗೆ 6.30

ಹಾಲು ಉಕ್ಕಿ ಒಲೆಯೆಲ್ಲ ಹಾಳು. ಇಂದು ಸ್ತ್ರೀಯರ ಕೂಟ. ಚೀಟಿಗಳಿಗೆ ಉತ್ತರ ಬರೆಯುವುದು ಇನ್ನೂ ಬಾಕಿ.

ಹೊಸಪೇಟೆ, ಕಂಪ್ಲಿ, ಸಂಡೂರು, ತೋರಣಗಲ್ಲು — ನಾಲ್ಕೂ ಕಡೆಯ ನಮ್ಮ ಚರ್ಚಿನ ಸಭೆಯ ಹೆಂಗಸರು ತಮ್ಮ ಚಿಂತೆ ಬರೆದು ಪ್ರಾರ್ಥನೆ ಡಬ್ಬಿಗೆ ಹಾಕುತ್ತಾರೆ. ಹೆಸರಿರುವುದಿಲ್ಲ. ಅಕ್ಷರದ ಗುರುತೂ ಸಿಗಬಾರದೆಂದು ಸಭಾಪಾಲಕರ ಹೆಂಡತಿ ಸುವಾರ್ತಮ್ಮ ನಕಲು ಮಾಡಿ ನನಗೆ ಕೊಡುತ್ತಾಳೆ. ಯಾರದೆಂದು ದೇವರಿಗಷ್ಟೇ ಗೊತ್ತು. ಉತ್ತರ ನನ್ನದು. ಹನ್ನೊಂದು ವರ್ಷವಾಯಿತು. ಎಂ.ಎ. ಮಾಡಿದ್ದು, ಇಷ್ಟೊಂದು ಪದ್ಯ ಓದಿದ್ದು ಇದಕ್ಕಾದರೂ ಉಪಯೋಗಕ್ಕೆ ಬಂತು.

ಮಂಡಿನೋವು. ವರ್ಗಾವಣೆ. ಮಗನ ಕುಡಿತ. ಸೊಸೆಗೆ ಮಕ್ಕಳಿಲ್ಲ. ಐದನೆಯದು — "ಗಂಡ ಹೊಡೆಯುತ್ತಾನೆ. ಎರಡು ವರ್ಷವಾಯಿತು. ತವರಿಗೆ ಹೋಗಿಬಿಡಲೇ?"

ಬರೆದೆ: "ತಂಗಿ, ಮನೆ ಬಿಡಬೇಡ. ದಿನವೂ ನೀರು ಹರಿದರೆ ಕಲ್ಲೂ ನುಣುಪಾಗುತ್ತದೆ. ನಿನ್ನ ಮೌನವೇ ಅವನಿಗೆ ಸಾಕ್ಷಿಯಾಗಲಿ."

ನಂಬಿದ್ದನ್ನೇ ಬರೆದಿದ್ದೇನೆ. ಕೊನೆಯ ಸಾಲಿನ ಲಯ ಚೆನ್ನಾಗಿ ಬಂತು. ಎರಡು ಸಲ ಜೋರಾಗಿ ಓದಿಕೊಂಡೆ. ಕೂಟದಲ್ಲಿ ಓದಿದ ಮೇಲೆ ವಾಟ್ಸಾಪ್ ಗುಂಪಿಗೂ ಹಾಕಬೇಕು.

16 ಜೂನ್, ಭಾನುವಾರ

ನಿರೀಕ್ಷಾ ಫೋನ್ ಮಾಡಿದಳು. ಅಳಿಯ ಆಸಾಫ್‌ಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಬದಲಾಗಿದೆಯಂತೆ, ಈ ತಿಂಗಳೂ ಬರಲಾಗದಂತೆ. ಅವರಿರುವ ತೋರಣಗಲ್ಲೇನು ದೂರವೇ? ಮಗಳ ಮುಖ ನೋಡಿ ನಾಲ್ಕು ತಿಂಗಳು.

ಫೋನ್ ಇಡುವ ಮುಂಚೆ ಕೇಳಿದಳು, ಐದನೇ ಚೀಟಿಗೆ ಉತ್ತರ ನೀನೇ ಬರೆದದ್ದಾ ಎಂದು. ಹೌದೆಂದೆ. ಹೇಗಿತ್ತು ಎಂದೂ ಕೇಳಿದೆ.

"ಭಾಳ ಚಲೋ ಬರ್ದೀಯಮ್ಮ."

ಅವಳು ನನ್ನ ಬರಹ ಮೆಚ್ಚಿದ್ದು ಅಪರೂಪ. ಇಡೀ ದಿನ ಅದೇ ಖುಷಿ.

29 ಜೂನ್, ಶನಿವಾರ

ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್. ಯಲ್ಲಕ್ಕನಂತೆ, ಮಗಳ ಪಕ್ಕದ ಮನೆಯವಳು. ಒಮ್ಮೆ ಬಂದು ನೋಡಿಕೊಂಡು ಹೋಗಿರೆಂದಳು. ಮೊದಲ ಬಸ್ಸಿಗೇ ಹೋದೆ.

ಆಸಾಫ್ ಕೆಲಸಕ್ಕೆ ಹೋಗಿದ್ದ. ನಿರೀಕ್ಷಾಳ ಎಡಗೈಗೆ ಪಟ್ಟಿ. ಮೂಳೆ ಬಿರುಕು ಬಿಟ್ಟಿದೆ. ಬಚ್ಚಲಲ್ಲಿ ಜಾರಿದೆ ಎಂದಳು. ಯಲ್ಲಕ್ಕ ಬಾಗಿಲಲ್ಲೇ ನಿಂತಿದ್ದಳು.

"ದಿನಾ ಜಾರಿ ಬೀಳಾಕ ಅದೇನು ಬಚ್ಚಲನೋ, ಹೊಳಿಯೋ? ಗ್ವಾಡಿ ಆಚಿಗೆ ನಮಗ ಕೇಳ್ಸಂಗಿಲ್ಲ ಅನ್ಕಂಡಾಳ್ರೀ."

ಚಹಾ ಮಾಡೋಣವೆಂದು ಸಕ್ಕರೆಗೆ ಕಪಾಟು ತೆರೆದೆ. ಬಾಗಿಲ ಒಳಮೈಗೆ ಒಂದು ಹಾಳೆ ಅಂಟಿಸಿದ್ದಾಳೆ. ಅವಳ ದುಂಡನೆಯ ಅಕ್ಷರ. "ತಂಗಿ, ಮನೆ ಬಿಡಬೇಡ..." ನನ್ನದೇ ಸಾಲು. ಹಾಳೆಯ ಅಂಚಿಗೆ ಅರಿಶಿನದ ಬೆರಳಚ್ಚು, ಒಂದರ ಮೇಲೊಂದು. ಅಡುಗೆ ಮಾಡುತ್ತ ದಿನವೂ ಓದಿದ್ದಾಳೆ.

ನಡಿ ಎಂದೆ. ಈಗಲೇ. ಉಟ್ಟ ಬಟ್ಟೆಯಲ್ಲೇ.

"ಬಿಡಬ್ಯಾಡ ಅಂತ ನೀನೇ ಬರ್ದೀಯಲ್ಲ."

ಅದು ನಿನಗೆ ಬರೆದದ್ದಲ್ಲ ಎಂದುಬಿಟ್ಟೆ.

"ಮತ್ತ ಯಾರ ಮಗಳಿಗಮ್ಮ?"

ಸಿಟ್ಟಿನಿಂದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ಹಾಗೆ... ಒಬ್ಬಳೇ ಬಸ್ಸು ಹತ್ತಿದೆ.

30 ಜೂನ್, ಭಾನುವಾರ

ಯಜಮಾನರಿಗೆ ಹೇಳಿದೆ. ಇವರು ಸಭೆಯ ಹಿರಿಯರು. ಕಂಪ್ಲಿಯ ಒಬ್ಬ ಹೆಂಗಸು ಹೋದ ವರ್ಷ ಗಂಡನನ್ನು ಬಿಟ್ಟು ಬಂದಾಗ ಅವಳನ್ನು ಗಾಯನ ಮಂಡಳಿಯಿಂದ ತೆಗೆದೆವು. ಪತ್ರಕ್ಕೆ ಸಹಿ ಇವರದು. ಬರೆದವಳು ನಾನು.

"ಅವರ ಮಗಳಿಗೊಂದು ನ್ಯಾಯ, ನಮ್ಮ ಮಗಳಿಗೊಂದು ನ್ಯಾಯ ಅಂದ್ರ ಹೆಂಗ?"

ಹೀಗೆಂದ ಇವರ ಕಣ್ಣಲ್ಲೂ ನೀರಿತ್ತು.

ಮದುವೆ ಮುರಿಯಬಾರದು. ಈಗಲೂ ಹಾಗೆಯೇ ನಂಬುತ್ತೇನೆ. ಆದರೆ ಯಜ್ಞವೇದಿಯ ಮುಂದೆ ಮಾತು ಕೊಟ್ಟವರು ಇಬ್ಬರು. ಅವನು ಕೈ ಎತ್ತಿದ ದಿನವೇ ಅದು ಮುರಿಯಿತಲ್ಲವೇ? ಹನ್ನೊಂದು ವರ್ಷ ನನಗೇಕೆ ಇದು ಹೊಳೆಯಲಿಲ್ಲ?

ಕಲ್ಲಂತೆ. ನೀರಂತೆ. ಅವಳ ಕೈಯ ಮೂಳೆ ಅದು.

3 ಜುಲೈ, ಬುಧವಾರ

ನಿರೀಕ್ಷಾ ಮೂರು ದಿನದಿಂದ ಫೋನ್ ಎತ್ತುತ್ತಿಲ್ಲ. ಬದುಕಿದ್ದಾಳೆ — ಯಲ್ಲಕ್ಕನನ್ನು ಕೇಳಿ ತಿಳಿದೆ. ಇಷ್ಟನ್ನೂ ಕೇಳಿ ತಿಳಿಯುವ ಹಾಗಾಯಿತು.

ಮೊಣಕಾಲೂರಿದರೆ ಮಾತು ಬರುವುದಿಲ್ಲ. ಕಪಾಟಿನ ಪದ್ಯದ ಪುಸ್ತಕಗಳನ್ನು ಮುಟ್ಟಲೂ ಅಸಹ್ಯ. ನಾಳೆಯ ಚಿಂತೆ ಇವತ್ತು ಮಾಡಬೇಡಿ ಎಂದು ಎಷ್ಟು ಜನಕ್ಕೆ ಬರೆದುಕೊಟ್ಟಿದ್ದೇನೆ! ನನಗೆ ಇವತ್ತೇ ದಾಟುತ್ತಿಲ್ಲ, ಕರ್ತನೇ.

ಒಂದು ತಿಳಿದಿದೆ. ಅವಳು ಅಮ್ಮನನ್ನು ಕೇಳಲಿಲ್ಲ, ಡಬ್ಬಿಯನ್ನು ಕೇಳಿದಳು. ಅಮ್ಮ ಕರೆದರೆ ಬರುವುದಿಲ್ಲ. ಉತ್ತರ ಅಲ್ಲಿಂದಲೇ ಹೋಗಬೇಕು.

ಸುವಾರ್ತಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ನನ್ನ ಕೈ ಹಿಡಿದು ಅತ್ತಳು. ಆಮೇಲೆ ಮೆಲ್ಲಗೆ — "ಒಮ್ಮಿ ಓದಿದ ಉತ್ತರ ತಿದ್ದಬ್ಯಾಡ್ರಿ ಅಕ್ಕಾ. ನಾಳಿಂದ ಯಾರು ನಂಬ್ತಾರ?"

4 ಜುಲೈ, ಗುರುವಾರ. ಸಂಜೆ 4

ಓದಿದೆ.

"ಐದನೆಯ ಚೀಟಿಗೆ ನಾನು ಕೊಟ್ಟ ಉತ್ತರ ತಪ್ಪು. ಅದು ನನ್ನ ಮಗಳ ಚೀಟಿ. ಬೇರೆ ಯಾರ ಮಗಳದಾಗಿದ್ದರೂ ತಪ್ಪೇ. ಹೊರಟು ಬಾ. ಬಾಗಿಲು ತೆಗೆದಿದೆ." ಲಯವಿಲ್ಲ. ಬೇಕಾಗಿಯೂ ಇಲ್ಲ.

ಹಿಂದಿನ ಸಾಲಿನಿಂದ ತರಕಾರಿ ಮಾರುವ ಹೊಳೆಮ್ಮ ಎದ್ದಳು.

"ನನಗ ಕಿವಿ ಮಂದ. ಇನ್ನೊಮ್ಮಿ ಓದವ್ವ."

ಅವಳ ಕಿವಿ ಎಷ್ಟು ಚುರುಕೆಂದು ಎಲ್ಲರಿಗೂ ಗೊತ್ತು. ಇನ್ನೊಮ್ಮೆ ಓದಿದೆ.

ಪ್ರತಿ ಸಲ ಓದಿದ್ದನ್ನು ರೆಕಾರ್ಡ್ ಮಾಡುವ ಸುವಾರ್ತಮ್ಮ ಇವತ್ತು ಮಾಡಲಿಲ್ಲ. ನಾನೇ ಮಾಡಿ ಗುಂಪಿಗೆ ಹಾಕಿದೆ. ಆಸಾಫ್ ಹತ್ತು ಗಂಟೆಯವರೆಗೆ ಶಿಫ್ಟಿನಲ್ಲಿರುತ್ತಾನೆ. ಅಷ್ಟರೊಳಗೆ...

5.40, ಬಸ್ ನಿಲ್ದಾಣ

ಅವಳು ಕೇಳಿದ್ದಾಳೆ. ನೀಲಿ ಗುರುತು ಬಿದ್ದಿದೆ. ಉತ್ತರವಿಲ್ಲ.

ಇವರೂ ಕೇಳಿದ್ದಾರೆ. "ಭಾನುವಾರ ಹಿರಿಯರ ಸ್ಥಾನ ಬಿಡುತ್ತೇನೆ" ಎಂದಷ್ಟೇ ಕಳಿಸಿದ್ದಾರೆ. ಸಿಟ್ಟೋ, ಒಪ್ಪಿಗೆಯೋ.

6.35

ಎರಡು ಬಸ್ಸು ಬಂದು ಹೋದವು. ಇಳಿದವರೆಲ್ಲ ಬೇರೆಯವರ ಮಕ್ಕಳು.

7.10

ಯಲ್ಲಕ್ಕನ ಫೋನ್ ಕೂಡ ಸ್ವಿಚ್ ಆಫ್. ಕರ್ತನೇ, ಕಲ್ಲಿನ ಬಾಯಿಂದಾದರೂ ಸರಿ, ಈಗ ಒಂದು ಮಾತಾಡು.

7.25

ಇನ್ನೊಂದು ಬಸ್ಸು ನಿಲ್ದಾಣಕ್ಕೆ ತಿರುಗುತ್ತಿದೆ. ಗಾಜಿನ ತುಂಬ ಕೆಂಪು ಧೂಳು, ಒಳಗೆ ಏನೂ ಕಾಣುವುದಿಲ್ಲ. ಬಾಗಿಲ ಕಂಬಿ ಹಿಡಿದ ಒಂದು ಬಲಗೈ. ಎಡಗೈಗೆ ಬಿಳಿ ಪಟ್ಟಿ —