ಮೇಲಿಂದ ತೆಗೆದ ಶಾಟ್

ಜೂನ್ ೧೨, ಗುರುವಾರ

ಹಾಸಿಗೆಗೆ ಬಂದರೂ ಸಿಟ್ಟು ಇಳಿದಿಲ್ಲ. ಇಂದು ತೆಗೆದದ್ದು, ಹೆಂಡತಿ ಗಂಡನ ಕೈಗೆ ಬೀಗದ ಕೈ ಕೊಟ್ಟು ಮನೆ ಬಿಡುವ ದೃಶ್ಯ. ನಿರ್ದೇಶಕರು ನನ್ನ ಕ್ಯಾಮೆರಾವನ್ನು ಮಹಡಿಯ ಮೆಟ್ಟಿಲ ಮೇಲಿಡಿಸಿದರು. "ಕೆಳಗೆ ಅವಳು ಇರುವೆ ಥರ ಕಾಣ್ಬೇಕು. ನೋಡಿದವರು ಅಯ್ಯೋ ಪಾಪ ಅನ್ಬೇಕು."

"ಪಾಪ ಯಾಕೆ ಸಾರ್? ಹೊಡೆಯೋನನ್ನ ಬಿಟ್ಟು ಹೋಗ್ತಿದ್ದಾಳೆ," ಎಂದೆ.

ಅವರು ಹೇಳಿದಂತೆಯೇ ಒಂದು ತೆಗೆದುಕೊಟ್ಟೆ. ಆಮೇಲೆ ಕೇಳದೆ ಕ್ಯಾಮೆರಾ ಇಳಿಸಿ, ಹೊಸ್ತಿಲ ಬಳಿ ನೆಲಕ್ಕೆ ಅಂಟಿಕೊಂಡು ಮಲಗಿ ಇನ್ನೊಂದು ತೆಗೆದೆ. ಅದೇ ನಟಿ, ಅದೇ ಬಟ್ಟೆ, ಅದೇ ನಡಿಗೆ. ಆದರೆ ಈಗ ಅವಳ ತಲೆ ಬಾಗಿಲಿನ ಚೌಕಟ್ಟಿಗೆ ತಾಗುವಂತಿತ್ತು; ಹಿಂದೆ ನಿಂತ ಗಂಡ ಗಿಡ್ಡನಾಗಿಬಿಟ್ಟಿದ್ದ. ಅದನ್ನು ಮಾನಿಟರಿನಲ್ಲಿ ನೋಡಿದ ನಟಿ, "ಇವಳು ಇನ್ನು ವಾಪಸ್ ಬರಲ್ಲ ಕಣೇ," ಎಂದು ನನ್ನ ಭುಜ ಹಿಡಿದರು.

ನಿರ್ದೇಶಕರು ಎರಡನ್ನೂ ನೋಡಿದರು. "ಮೇಲಿಂದ ತೆಗೆದದ್ದೇ ಇರ್ಲಿ."

"ಹಾಗಾದ್ರೆ ಚಿತ್ರದಿಂದ ನನ್ನ ಹೆಸರು ತೆಗೆದುಹಾಕಿ."

"ನಿನ್ನ ಮೊದಲನೇ ಚಿತ್ರ ಕಣಮ್ಮ! ಒಂದು ಶಾಟಿಗೆ ಇಷ್ಟು ಹಟಾನಾ?"

"ಹೌದು ಸಾರ್, ಇಷ್ಟು ಹಟಾನೇ."

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಒಂದೇ ಗೋಳು. "ಪರದೆ ಮೇಲೆ ನಿನ್ನ ಹೆಸರು ಬರುತ್ತೆ ಅಂತ ಊರಿಗೆಲ್ಲಾ ಡಂಗುರ ಸಾರಿದ್ದೀನಲ್ಲೇ!"

ಹೆಸರಿಗಾಗಿ ಎಷ್ಟು ವರ್ಷ ಬೇರೆಯವರ ಲೆನ್ಸ್ ಒರೆಸಿದ್ದೇನೆ. ಆದರೂ ಬೆಳಿಗ್ಗೆ ಹೋಗಿ ತಪ್ಪಾಯಿತು ಎನ್ನುವವಳಲ್ಲ ನಾನು. ಎದ್ದು ಹೊರಟ ಹೆಂಗಸನ್ನು ಕುಗ್ಗಿಸಿ ತೋರಿಸಿದವಳು ಎಂಬ ಹೆಸರು ಹೊರುವುದಕ್ಕಿಂತ, ಹೆಸರೇ ಇಲ್ಲದೆ ಇರುವುದು ಮೇಲು.